ಚಳಿಗಾಲದ ಮರುಭೂಮಿ, ಸುಲಭದ ಹಾದಿ, ಭಾವನ ಸೈಕಲ್ಲು

ಹೋದ ವಾರ ಸಂಚಿಕೆ ಬರಲಿಲ್ಲ, ಕ್ಷಮಿಸಿ. ಗಂಟಲು ಕಟ್ಟಿತ್ತು. ಇವತ್ತೂ ಸ್ವಲ್ಪ ಗೊರಗೊರ ಅಂತಿದೆ. ನಡುವೆ ಕೆಮ್ಮಿದ್ರೆ ಕತ್ತರಿಸಲ್ಲ, ಹಾಗೇ ಬಿಡ್ತೀನಿ.

ಯಾವುದೋ ಹಳೇ ಸಂಚಿಕೆಯಲ್ಲಿ ಮಾತಿಗೆ ಮಾತು ಬಂದು, 'ನಾನು ಅಮೆರಿಕದ ಮರುಭೂಮಿಯಲ್ಲಿ ಒಂದು ಚಳಿಗಾಲ ಪೂರ್ತಿ ಸೈಕಲ್ ತುಳಿದಿದ್ದೀನಿ' ಅಂದುಬಿಟ್ಟಿದ್ದೆ. ಅವತ್ತಿನಿಂದ ಕೇಳ್ತಾನೇ ಇದೀರಿ, ಆ ಕಥೆ ಯಾವಾಗ ಅಂತ. ಮುಂದೂಡ್ತಾ ಬಂದಿದ್ದಕ್ಕೆ ಕಾರಣ ಇದೆ. ಆ ಕಥೆಯಲ್ಲಿ ಅರ್ಧ ನನ್ನದಲ್ಲ, ನಮ್ಮ ಭಾವನದು. ಅವರನ್ನ ಕೇಳದೆ ಹೇಳೋ ಹಾಗಿರಲಿಲ್ಲ. ಹೋದ ತಿಂಗಳು ಕೇಳಿದೆ. 'ಹೇಳಪ್ಪಾ, ಆದ್ರೆ ನನ್ನ ಹೆಸರು ಬೇಡ, ಕಂಪನಿ ಹೆಸರೂ ಬೇಡ' ಅಂದ್ರು. ಹಂಗಾಗಿ ಈ ಸಂಚಿಕೆ ಪೂರ್ತಿ ಅವರು ಬರೀ ಭಾವ.

ಹೊಸಬರಿಗೆ ನನ್ನ ಬಗ್ಗೆ ಎರಡು ಮಾತು. ಊರು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ. ಓದಿದ್ದು ಬಿ.ಕಾಂ. ಆಮೇಲೆ ಸಿ.ಎ. ಇಂಟರ್ ಮೂರು ಸಲ ಕಟ್ಟಿ ಮೂರು ಸಲವೂ ಹೋಯ್ತು. ಈಗ ಬೆಂಗಳೂರಲ್ಲಿ ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ರಿಟರ್ನ್ ತುಂಬಿಕೊಟ್ಟು ಹೊಟ್ಟೆ ಹೊರೀತೀನಿ, ರಾತ್ರಿ ಹೊತ್ತು ಈ ಮೈಕ್ ಮುಂದೆ ಕೂರ್ತೀನಿ. ಈ ಮೈಕ್ ವಿಷಯ ಮುಂದೆ ಬರುತ್ತೆ, ನೆನಪಿಟ್ಟುಕೊಳ್ಳಿ.

2023ರ ನವೆಂಬರ್. ಅಕ್ಕನಿಗೆ ಎರಡನೇ ಹೆರಿಗೆ. ಅಕ್ಕ ಇರೋದು ಅರಿಜೋನಾ ರಾಜ್ಯದ ಚಾಂಡ್ಲರ್‌ನಲ್ಲಿ, ಫೀನಿಕ್ಸ್ ನಗರಕ್ಕೆ ಅಂಟಿಕೊಂಡಿರೋ ಊರು. ಬಾಣಂತನಕ್ಕೆ ಅಮ್ಮ ಹೋಗಲೇಬೇಕು. ಅಮ್ಮನಿಗೋ ಮಂಡಿನೋವು, ಇಂಗ್ಲಿಷ್ ಬರಲ್ಲ, ಎರಡು ಕಡೆ ವಿಮಾನ ಬದಲಾಯಿಸಬೇಕು. ಮನೆಯಲ್ಲಿ ಕೆಲಸ ಇಲ್ಲದೆ ಇದ್ದವನು ನಾನೊಬ್ಬನೇ. ಅಮ್ಮನ ಬ್ಯಾಗ್ ಹಿಡಿಯೋಕೆ ಅಂತ ಹೋದೋನು ನಾನು, ಮರುಭೂಮಿ ನೋಡೋಕೆ ಅಲ್ಲ.

ಭಾವನಿಗೂ ನನಗೂ ಆಗ ಅಷ್ಟಕ್ಕಷ್ಟೆ. ಮೂರನೇ ಸಲ ಫೇಲಾದಾಗ ಅವರು ಫೋನಲ್ಲಿ 'ಇನ್ನೊಂದ್ಸಲ ಕಟ್ಟಪ್ಪಾ, ಫೀಸು ನಾನು ಕಳಿಸ್ತೀನಿ' ಅಂದಿದ್ರು. ಕಳಿಸಿದ್ರು ಕೂಡ, ಪುಸ್ತಕ, ಕೋಚಿಂಗ್ ಎಲ್ಲಾ ಸೇರಿಸಿ ಹದಿನೆಂಟು ಸಾವಿರ. ನಾನು ಕಟ್ಟಲಿಲ್ಲ. ಯಾಕೆ ಕಟ್ಟಲಿಲ್ಲ ಅಂತ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಅವರ ಮನೇಲಿ ಊಟಕ್ಕೆ ಕೂತಾಗ ಇಬ್ಬರೂ ಮಗು ಜೊತೆ ಮಾತಾಡ್ತಿದ್ವಿ, ಒಬ್ಬರ ಜೊತೆ ಒಬ್ಬರಲ್ಲ.

ಹೋಗಿ ಹತ್ತು ದಿನ ಆಗಿತ್ತು. ಒಂದು ಶನಿವಾರ ಭಾವ ಗ್ಯಾರೇಜ್ ತೆಗೆದು, 'ಸೈಕಲ್ ಬರುತ್ತೇನೋ ನಿನಗೆ?' ಅಂದ್ರು. ಒಳಗೆ ಎರಡು ಮೌಂಟನ್ ಬೈಕು. ಸೆಕೆಂಡ್ ಹ್ಯಾಂಡ್. ಒಂದು ಅವರದು, ಇನ್ನೊಂದು ಅಕ್ಕನಿಗೆ ಅಂತ ತಂದಿದ್ದು, ಅಕ್ಕ ಒಂದು ದಿನವೂ ಮುಟ್ಟಿರಲಿಲ್ಲ. ಅಪ್ಪಾಜಿಯ ಅಟ್ಲಾಸ್ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಕಲಿತವನಿಗೆ ಸೈಕಲ್ ಬರುತ್ತಾ ಅಂತ ಕೇಳ್ತಾರಲ್ಲ ಅಂತ ಒಳಗೊಳಗೇ ಸಿಟ್ಟು ಬಂತು. 'ಬರುತ್ತೆ ಭಾವ' ಅಂದೆ, ಅಷ್ಟೆ.

ಈಗ ಮರುಭೂಮಿ ವಿಷಯಕ್ಕೆ ಬರೋಣ. ಮರುಭೂಮಿ ಅಂದ್ರೆ ನಮ್ಮ ತಲೆಯಲ್ಲಿ ಕೂತಿರೋದು ಮರಳಿನ ದಿಬ್ಬ, ಒಂಟೆ. ಅಲ್ಲಿಯದು ಹಾಗಿಲ್ಲ. ಅದು ಸೊನೊರಾನ್ ಮರುಭೂಮಿ. ಅರಿಜೋನಾದ ದಕ್ಷಿಣ ಭಾಗದಿಂದ ಮೆಕ್ಸಿಕೊ ಒಳಗೆ ಹರಡಿಕೊಂಡಿದೆ. ಕಲ್ಲು ಗುಡ್ಡ, ಜಲ್ಲಿ ನೆಲ, ಎಲ್ಲಿ ನೋಡಿದ್ರೂ ಮುಳ್ಳಿನ ಗಿಡ. ವರ್ಷಕ್ಕೆ ಎರಡು ಮಳೆಗಾಲ: ಚಳಿಗಾಲದಲ್ಲಿ ಸೋನೆ, ಬೇಸಿಗೆ ಕೊನೆಗೆ ಗುಡುಗು ಸಿಡಿಲಿನ ಮಳೆ. ಆ ಎರಡನೇದನ್ನ ಅವರೂ ಮಾನ್ಸೂನ್ ಅಂತಾನೇ ಕರೀತಾರೆ.

ಮೊದಲ ದಿನವೇ ನನಗೆ ವಿಚಿತ್ರ ಅನುಭವ. ಗಿಡಗಳು ಪರಿಚಯದವರ ಹಾಗೆ ಕಂಡ್ವು. ಬೇಲಿ ಸಾಲಲ್ಲಿ ನಾವು ನೋಡೋ ಪಾಪಾಸುಕಳ್ಳಿ ಅಲ್ಲಿ ಗುಂಪುಗುಂಪಾಗಿ ಬೆಳೆದಿದೆ. ಬದುವಿನ ಮೇಲಿನ ಕತ್ತಾಳೆಯ ದಾಯಾದಿಗಳು ಮನೆ ಮುಂದಿನ ಅಂಗಳದಲ್ಲಿ ನಿಂತಿವೆ. ಹಳ್ಳದ ಪಕ್ಕ ಇರೋ ಮರ ಬಳ್ಳಾರಿ ಜಾಲಿ ತರ ಇದೆಯಲ್ಲ ಅಂದುಕೊಂಡೆ. ಅದನ್ನ ಅಲ್ಲಿ ಮೆಸ್ಕೀಟ್ ಅಂತಾರೆ. ಆಮೇಲೆ ಓದಿ ನೋಡಿದ್ರೆ ಅದು ನಿಜವಾಗ್ಲೂ ಬಳ್ಳಾರಿ ಜಾಲಿಯ ಹತ್ತಿರದ ಸಂಬಂಧಿ. ಪಾಪಾಸುಕಳ್ಳಿ, ಕತ್ತಾಳೆ, ಬಳ್ಳಾರಿ ಜಾಲಿ ಮೂರೂ ಮೂಲದಲ್ಲಿ ಅಮೆರಿಕ ಖಂಡದವು, ಅಲ್ಲಿಂದ ನಮ್ಮ ಕಡೆ ಬಂದವು. ಬಯಲುಸೀಮೆ ಅಂದ್ರೆ ಇದೇ ಅಂತ ನಾನು ಇಪ್ಪತ್ತೈದು ವರ್ಷ ನಂಬಿಕೊಂಡಿದ್ದ ಗಿಡಗಳ ತವರುಮನೆಗೆ ಬಂದಿದ್ದೆ.

ತವರಲ್ಲಿ ಒಂದು ಗಿಡ ಮಾತ್ರ ನಮ್ಮ ಕಡೆ ಬಂದಿಲ್ಲ. ಸಗ್ವಾರೊ. ಸಿನಿಮಾದಲ್ಲಿ ಕೌಬಾಯ್ ಹಿಂದೆ ಎರಡು ಕೈ ಎತ್ತಿ ನಿಂತಿರುತ್ತಲ್ಲ, ಅದು. ಸೊನೊರಾನ್ ಮರುಭೂಮಿ ಬಿಟ್ಟು ಬೇರೆಲ್ಲೂ ತಾನಾಗಿ ಬೆಳೆಯಲ್ಲ. ಮೊದಲನೇ ಕೈ ಚಿಗುರೋಕೇ ಸಾಮಾನ್ಯವಾಗಿ ಐವತ್ತರಿಂದ ಎಪ್ಪತ್ತೈದು ವರ್ಷ ಬೇಕು, ಕೆಲವಕ್ಕೆ ಇನ್ನೂ ಹೆಚ್ಚು. ಕೈ ಇಲ್ಲದ ಸಗ್ವಾರೊ ನೋಡಿ ಭಾವ, 'ಇದಿನ್ನೂ ಹುಡುಗ, ನಮ್ಮ ಮಾವನ ವಯಸ್ಸು ಅಷ್ಟೆ' ಅಂತಿದ್ರು.

ಯಾಕೆ ಚಳಿಗಾಲದಲ್ಲೇ ತುಳೀಬೇಕು ಅನ್ನೋದಕ್ಕೆ ಲೆಕ್ಕ ಕೊಡ್ತೀನಿ. ನಾನು ಹೋದ ವರ್ಷವೇ, 2023ರಲ್ಲಿ, ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ ಫೀನಿಕ್ಸ್‌ನಲ್ಲಿ 110 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಬಿಸಿಲಿತ್ತು. ನಮ್ಮ ಲೆಕ್ಕದಲ್ಲಿ 43 ಡಿಗ್ರಿ ದಾಟಿದ್ದು. ನಾನು ವಾಪಸ್ ಬಂದ ಮೇಲೆ, 2024ರಲ್ಲಿ, ಸತತ 113 ದಿನ 100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು ಅಥವಾ ದಾಟಿತು. ಬಿಸಿಲಿನ ಎಚ್ಚರಿಕೆ ಇರೋ ದಿನ ನಗರದವರು ಕ್ಯಾಮಲ್‌ಬ್ಯಾಕ್ ಗುಡ್ಡದಂಥ ಕೆಲವು ಹಾದಿಗಳನ್ನ ಹಗಲು ಹೊತ್ತು ಮುಚ್ಚಿಬಿಡ್ತಾರೆ. ಅದೇ ಡಿಸೆಂಬರ್‌ನಲ್ಲಿ ನೋಡಿ: ಮಧ್ಯಾಹ್ನ 19-20 ಡಿಗ್ರಿ, ಬೆಳಗಿನ ಜಾವ 7-8. ಆಕಾಶದಲ್ಲಿ ಒಂದು ತುಂಡು ಮೋಡ ಇಲ್ಲ. ಹಾಗಾಗಿ ಅಲ್ಲಿಯವರಿಗೆ ಸೈಕಲ್ ಸುಗ್ಗಿ ಶುರುವಾಗೋದು ಅಕ್ಟೋಬರ್ ಕೊನೆಗೆ, ಮುಗಿಯೋದು ಏಪ್ರಿಲ್‌ಗೆ. ಉಳಿದ ದೇಶ ಹಿಮದಲ್ಲಿ ಹೂತು ಕೂತಿರುವಾಗ ಇವರು ತೋಳಿಲ್ಲದ ಅಂಗಿ ಹಾಕ್ಕೊಂಡು ಗುಡ್ಡ ಸುತ್ತುತ್ತಾರೆ.

ನಾವು ಶುರು ಮಾಡಿದ್ದು ಗುಡ್ಡದಲ್ಲಲ್ಲ, ಕಾಲುವೆ ಏರಿಯ ಮೇಲೆ. ಫೀನಿಕ್ಸ್ ಸುತ್ತಮುತ್ತ ಪೂರಾ ಕಾಲುವೆ. ನೂರಾರು ವರ್ಷಗಳ ಹಿಂದೆ ಹೊಹೊಕಮ್ ಅನ್ನೋ ಜನ ಕೈಯಲ್ಲೇ ಅಗೆದು ಕಾಲುವೆ ಜಾಲ ಮಾಡಿದ್ರು, ಈಗಿನ ಕೆಲವು ಕಾಲುವೆಗಳು ಅವರ ಜಾಡಲ್ಲೇ ಹರೀತವೆ. ಏರಿಯ ಮೇಲೆ ಸಪಾಟಾದ ಜಲ್ಲಿ ದಾರಿ. ಹತ್ತು ಕಿಲೋಮೀಟರ್ ಹೋದ್ರೂ ಒಂದು ಏರಿಲ್ಲ. ಅಲ್ಲಿ ನನ್ನ ಅಹಂಕಾರಕ್ಕೆ ಏನೂ ಆಗಲಿಲ್ಲ. ಎರಡನೇ ವಾರ ಪಾಪಗೋ ಪಾರ್ಕಿಗೆ ಹೋದ್ವಿ, ಅಲ್ಲಿ ಆಯ್ತು.

ಪಾಪಗೋ ಪಾರ್ಕು ಊರ ಮಧ್ಯದಲ್ಲೇ ಇದೆ. ಕೆಂಪು ಬಂಡೆಯ ಗುಡ್ಡಗಳು, ಪಕ್ಕದಲ್ಲಿ ಮೃಗಾಲಯ, ಮರುಭೂಮಿ ಗಿಡಗಳ ಒಂದು ದೊಡ್ಡ ತೋಟ. ಹಾದಿಗಳು ಅಗಲ, ಏರಿಳಿತ ಕಡಿಮೆ. ಅಮೆರಿಕದಲ್ಲಿ ಹಾದಿಗೆ ಗುರುತು ಹಾಕ್ತಾರೆ: ಹಸಿರು ವೃತ್ತ ಅಂದ್ರೆ ಸುಲಭ, ನೀಲಿ ಚೌಕ ಅಂದ್ರೆ ಮಧ್ಯಮ, ಕಪ್ಪು ವಜ್ರ ಅಂದ್ರೆ ಕಷ್ಟ. ಪಾಪಗೋದಲ್ಲಿ ಬಹುಪಾಲು ಹಸಿರು. ನಾನು 'ಇದೇನು ಭಾವ, ಮಕ್ಕಳ ಹಾದಿ' ಅಂದೆ. ಹೇಳಿ ಐದು ನಿಮಿಷ ಆಗಿಲ್ಲ, ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿದೆ, ಸೈಕಲ್ ಒಂದು ಕಡೆ, ನಾನೊಂದು ಕಡೆ.

ಅಲ್ಲಿನ ನೆಲದ ಗುಟ್ಟು ಇದು. ಕೆಳಗೆ ಕಾಂಕ್ರೀಟಿನ ಹಾಗೆ ಗಟ್ಟಿ, ಮೇಲೆ ಪುಡಿಯಾದ ಗ್ರಾನೈಟಿನ ತೆಳು ಪದರ. ಒಣ ನೆಲದ ಮೇಲೆ ರಾಗಿ ಚೆಲ್ಲಿ ಅದರ ಮೇಲೆ ಓಡಿ ನೋಡಿ, ಹಾಗೆ. ಬ್ರೇಕ್ ಏನಿದ್ರೂ ತಿರುವಿಗೆ ಮುಂಚೆ, ಸೈಕಲ್ ನೆಟ್ಟಗಿರುವಾಗ ಹಾಕಿ ಮುಗಿಸಬೇಕು. ತಿರುವಿನೊಳಗೆ ಕೈ ಬಿಗಿಯಬಾರದು. ಒಣಗಿದ ಹಳ್ಳ ಸಿಕ್ಕಾಗ ಅದಕ್ಕೆ ಬೇರೆ ಪಾಠ. ಮರಳು ದಪ್ಪ ಇರುತ್ತೆ. ಅದರೊಳಗೆ ಹೋಗೋಕೆ ಮುಂಚೆನೇ ಹಗುರ ಗೇರಿಗೆ ಬರಬೇಕು, ಮೈಭಾರ ಸ್ವಲ್ಪ ಹಿಂದಕ್ಕೆ ಹಾಕಬೇಕು, ಪೆಡಲ್ ನಿಲ್ಲಿಸಬಾರದು. ಹ್ಯಾಂಡಲ್ ತಿರುಗಿಸಿದ್ರೋ, ಮುಂದಿನ ಚಕ್ರ ಹೂತುಕೊಂಡು ನಿಮ್ಮನ್ನ ಮುಂದಕ್ಕೆ ಎಸೆಯುತ್ತೆ. ವೇದಾವತಿ ಹೊಳೆ ಮರಳಲ್ಲಿ ಸೈಕಲ್ ತಳ್ಳಿಕೊಂಡು ಹೋದೋನು ನಾನು, ಅದರಲ್ಲಿ ತುಳೀಬಹುದು ಅಂತ ಗೊತ್ತೇ ಇರಲಿಲ್ಲ.

ಟೈರಿನ ಗಾಳಿ ವಿಷಯ ಹೇಳಲೇಬೇಕು. ನಮ್ಮಲ್ಲಿ ಟೈರು ಕಲ್ಲಿನ ಹಾಗೆ ಗಟ್ಟಿ ಇದ್ರೆ ಖುಷಿ. ಅಲ್ಲಿ ಅಗಲ ಟೈರಿಗೆ 25 ಪಿಎಸ್‌ಐ ಆಸುಪಾಸು ಗಾಳಿ, ಬೆರಳಲ್ಲಿ ಒತ್ತಿದ್ರೆ ಸ್ವಲ್ಪ ಒಳಗೆ ಹೋಗ್ಬೇಕು. ಆಗಲೇ ಅದು ನೆಲ ಹಿಡಿಯೋದು. ಒಳಗೆ ಟ್ಯೂಬ್ ಇಲ್ಲ, ಹಾಲಿನ ತರದ ಸೀಲಂಟ್ ಹಾಕಿರ್ತಾರೆ. ಮುಳ್ಳು ಚುಚ್ಚಿದ್ರೆ ಅದು ತಾನೇ ಹೋಗಿ ತೂತು ಮುಚ್ಚುತ್ತೆ. ಅಕ್ಕನ ಸೈಕಲ್ಲಿಗೆ ಟ್ಯೂಬ್ ಇತ್ತು. ಮೊದಲ ತಿಂಗಳು ನಾನು ಹಾಕಿದ ಪ್ಯಾಚ್ ಲೆಕ್ಕ ಇಟ್ಟಿದ್ದೀನಿ, ಹನ್ನೊಂದು. ಆಮೇಲೆ ಭಾವ ಸುಮ್ಮನೆ ತಗೊಂಡು ಹೋಗಿ ಟ್ಯೂಬ್‌ಲೆಸ್ ಮಾಡಿಸಿಕೊಂಡು ಬಂದ್ರು.

ಮುಳ್ಳು ಅಂದ್ರೆ ಚೋಯಾ. ಬರೆಯೋದು ಒಂದು ತರ, ಹೇಳೋದು ಚೋಯಾ. ಅದರಲ್ಲಿ ಟೆಡ್ಡಿ ಬೇರ್ ಚೋಯಾ ಅಂತ ಒಂದು ಜಾತಿ. ದೂರದಿಂದ ನೋಡಿದ್ರೆ ಮೆತ್ತಗೆ ತುಪ್ಪಳ ಇದ್ದ ಹಾಗೆ, ಸಂಜೆ ಬಿಸಿಲಿಗೆ ಹೊಳೀತಾ ಇರುತ್ತೆ. ಸ್ವಲ್ಪ ತಾಗಿದ್ರೂ ಒಂದು ಗೆಣ್ಣು ಕಳಚಿಕೊಂಡು ನಿಮ್ಮ ಮೈಗೆ ಅಂಟುತ್ತೆ. ಮುಳ್ಳಿನ ತುದಿಯಲ್ಲಿ ಹಿಮ್ಮುಖ ಕೊಕ್ಕೆ, ಕೈಯಲ್ಲಿ ಕೀಳೋಕೆ ಹೋದ್ರೆ ಕೈಗೂ ಹತ್ತುತ್ತೆ. ಅಲ್ಲಿನ ಸೈಕಲ್ ಸವಾರರ ಚೀಲದಲ್ಲಿ ಬಾಚಣಿಗೆ ಇರೋದು ಅದಕ್ಕೇ. ಗೆಣ್ಣಿಗೂ ಚರ್ಮಕ್ಕೂ ನಡುವೆ ಬಾಚಣಿಗೆ ತೂರಿಸಿ ಒಂದೇ ಸಲ ಹಾರಿಸಬೇಕು. ಉಳಿದ ಮುಳ್ಳಿಗೆ ಚಿಮಟ. ನನ್ನ ಮೀನಖಂಡಕ್ಕೆ ಹತ್ತಿದಾಗ ನಮ್ಮ ಹತ್ರ ಬಾಚಣಿಗೆ ಇರಲಿಲ್ಲ, ಹಾಗೇ ಕುಂಟಿಕೊಂಡು ಮನೆಗೆ ಬಂದೆ. ಅಮ್ಮ ತನ್ನ ಬಾಚಣಿಗೆಯಲ್ಲಿ ತೆಗೆದು, 'ಊರಲ್ಲಿ ಜಾಲಿ ಮುಳ್ಳು ಸಾಲಲಿಲ್ಲ ಅಂತ ಇಲ್ಲಿಗೆ ಬಂದ್ಯಾ?' ಅಂದ್ರು.

ಪಾಪಗೋ ಬಿಡೋ ಮುಂಚೆ ಒಂದು ಸಣ್ಣ ಕಥೆ, ನನಗೆ ತುಂಬಾ ಇಷ್ಟದ್ದು. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ಜರ್ಮನ್ ಸೈನಿಕರ ಸೆರೆಶಿಬಿರ ಇತ್ತು. 1944ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ ಹಿಂದಿನ ರಾತ್ರಿ ಹೊತ್ತಿಗೆ, 25 ಜನ ಸುರಂಗ ತೋಡಿ ತಪ್ಪಿಸಿಕೊಂಡ್ರು. ಅವರಲ್ಲಿ ಮೂವರು ಒಂದು ಮಡಚೋ ದೋಣಿ ಮಾಡಿಕೊಂಡಿದ್ರು. ನಕ್ಷೆಯಲ್ಲಿ ನೀಲಿ ಗೆರೆ ಇದೆ, ನದಿಗೆ ದೋಣಿ ಇಳಿಸಿದ್ರೆ ತೇಲಿಕೊಂಡು ಮೆಕ್ಸಿಕೊ ಸೇರ್ತೀವಿ ಅಂತ ಯೋಜನೆ. ಹೋಗಿ ನೋಡಿದ್ರೆ ನದಿಯಲ್ಲಿ ದೋಣಿ ತೇಲಿಸೋವಷ್ಟು ನೀರೇ ಇಲ್ಲ. ಕೊನೆಗೆ ಎಲ್ಲಾ 25 ಜನವೂ ಸಿಕ್ಕಿಬಿದ್ರು. ನಾನು ಇದನ್ನ ಹೇಳಿದಾಗ ಭಾವ ಸೈಕಲ್ ನಿಲ್ಲಿಸಿಕೊಂಡು ನಕ್ಕಿದ್ರು. ಅವರು ನನ್ನ ಮಾತಿಗೆ ನಕ್ಕಿದ್ದು ಅವತ್ತೇ ಮೊದಲು. ವೇದಾವತಿ ನೋಡಿ ಬೆಳೆದ ಮಕ್ಕಳು ಯಾರೂ ಇಂಥ ತಪ್ಪು ಮಾಡ್ತಿರಲಿಲ್ಲ ಅಂದ್ರು.

ಇನ್ನೊಂದು. ಪಾಪಗೋ ಅನ್ನೋದು ಅಲ್ಲಿನ ಮೂಲ ಜನಕ್ಕೆ ಹೊರಗಿನವರು ಇಟ್ಟ ಹೆಸರು. ಅವರು 1986ರಲ್ಲಿ ಅಧಿಕೃತವಾಗಿ ತೊಹೊನೊ ಓಧಮ್ ಅಂತ ತಮ್ಮದೇ ಹೆಸರಿಗೆ ಬಂದ್ರು. ಮರುಭೂಮಿಯ ಜನ ಅಂತ ಅರ್ಥ. ಪಾರ್ಕಿನ ಹೆಸರು ಮಾತ್ರ ಹಳೇದೇ ಉಳಿದಿದೆ.

ಡಿಸೆಂಬರ್ ಕೊನೆ ಹೊತ್ತಿಗೆ ನಾವು ಸೌತ್ ಮೌಂಟನ್ ಪಾರ್ಕಿಗೆ ಹೋಗೋಕೆ ಶುರು ಮಾಡಿದ್ವಿ. 16 ಸಾವಿರ ಎಕರೆಗೂ ದೊಡ್ಡದು, ನಗರಸಭೆಯದು. ಅದರ ದಕ್ಷಿಣ ಬುಡದಲ್ಲಿ ಡೆಸರ್ಟ್ ಕ್ಲಾಸಿಕ್ ಅಂತ ಒಂದು ಹಾದಿ, ಒಂದು ಕಡೆಗೆ ಸುಮಾರು 9 ಮೈಲಿ. ಗುಡ್ಡ ಹತ್ತಲ್ಲ, ಬುಡದಲ್ಲೇ ಅಲೆಅಲೆಯಾಗಿ ಹೋಗುತ್ತೆ. ಎಷ್ಟು ಬೇಕೋ ಅಷ್ಟು ಹೋಗಿ ತಿರುಗಿಕೊಂಡು ಬರಬಹುದು. ಡಿಸೆಂಬರ್‌ನಲ್ಲಿ ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗಿರುತ್ತೆ, ಮುಳುಗಿದ ತಕ್ಷಣ ಚಳಿ ಬಂದು ಕಿವಿ ಕಚ್ಚುತ್ತೆ. ನಡೆಯೋರು, ಕುದುರೆಯವರು ಬಂದ್ರೆ ಸೈಕಲ್ಲಿನವರು ನಿಂತು ದಾರಿ ಬಿಡಬೇಕು. ಕುದುರೆ ಬಂದ್ರೆ ಸುಮ್ಮನೆ ನಿಲ್ಲಬಾರದು, ಮಾತಾಡಬೇಕು. ಇದು ಮನುಷ್ಯ ಅಂತ ಕುದುರೆಗೆ ಗೊತ್ತಾಗಲಿ ಅಂತ. ನಾನು ಕನ್ನಡದಲ್ಲೇ ಮಾತಾಡ್ತಿದ್ದೆ, ಒಂದು ಕುದುರೆಯೂ ತಕರಾರು ಮಾಡಲಿಲ್ಲ.

ಹಾವಿನ ಬಗ್ಗೆ ಕೇಳೇ ಕೇಳ್ತೀರಿ. ಬುರುಡೆ ಹಾವು ಅಂತ ನಾವು ಕರೆಯೋಣ, ಬಾಲ ಗಿಲಕಿ ತರ ಆಡಿಸೋದು. ಚಳಿಗಾಲದಲ್ಲಿ ಅವು ಬಿಲದೊಳಗೆ ಜಡವಾಗಿ ಬಿದ್ದಿರ್ತವೆ, ಬೆಚ್ಚಗಿನ ದಿನ ಮಾತ್ರ ಹೊರಗೆ ಬರೋದುಂಟು. ನಾನು ಒಂದೂ ನೋಡಲಿಲ್ಲ.

ಜನವರಿ ಮೊದಲ ವಾರ ಅಕ್ಕನಿಗೆ ಹೆಣ್ಣು ಮಗು. ಆಮೇಲೆ ಒಂದು ತಿಂಗಳು ಸೈಕಲ್ ಇಲ್ಲ. ಫೆಬ್ರವರಿ ಮೊದಲಲ್ಲಿ ಮಳೆ. ಮಳೆ ಬಿದ್ದು ಕೆಸರಾಗಿರೋವಾಗ ಹಾದಿಗೆ ಇಳಿಯಬಾರದು, ಚಕ್ರದ ಗೆರೆ ಒಣಗಿ ಕಲ್ಲಿನ ಹಾಗಾಗುತ್ತೆ. ಆರಿದ ಮೇಲೆ ಮಾತ್ರ ಅದರಷ್ಟು ಒಳ್ಳೆ ನೆಲ ಇಲ್ಲ. ಕ್ರಿಯೊಸೋಟ್ ಅನ್ನೋ ಪೊದೆಯ ವಾಸನೆ ಇಡೀ ಬಯಲಿಗೆ ಹಬ್ಬಿರುತ್ತೆ.

ಫೆಬ್ರವರಿ ಕೊನೆಯ ಒಂದು ಶನಿವಾರ ಮ್ಯಾಕ್‌ಡೊವೆಲ್ ಮೌಂಟನ್ ಪಾರ್ಕಿಗೆ ಹೋದ್ವಿ. ಪೆಂಬರ್ಟನ್ ಅನ್ನೋ ಹಾದಿ. 15 ಮೈಲಿ ಚಿಲ್ಲರೆ, ಅಂದ್ರೆ 25 ಕಿಲೋಮೀಟರಿನ ಒಂದು ದೊಡ್ಡ ಸುತ್ತು. ಬಂಡೆ ಕಡಿಮೆ, ನೆಲ ನುಣುಪು. ಅರ್ಧ ಸುತ್ತು ಗೊತ್ತೇ ಆಗದ ಏರು, ಉಳಿದರ್ಧ ಇಳಿಜಾರು. ಪೂರ್ವಕ್ಕೆ ಫೋರ್ ಪೀಕ್ಸ್ ಬೆಟ್ಟದ ಮೇಲೆ ಹಿಮ ಕಾಣ್ತಿತ್ತು, ನಾವು ಅರ್ಧ ತೋಳಿನ ಅಂಗಿಯಲ್ಲಿ. ಆ ಕಡೆ 1995ರಲ್ಲಿ ದೊಡ್ಡ ಬೆಂಕಿ ಬಿದ್ದು ಸಾವಿರಾರು ಎಕರೆ ಸುಟ್ಟಿತ್ತು, ಎಷ್ಟೋ ಕಡೆ ಸಗ್ವಾರೊ ಇನ್ನೂ ವಿರಳ.

ಅವತ್ತು 25 ಡಿಗ್ರಿ ಇರಬಹುದು. ಹಿತವಾದ ಗಾಳಿ. ಇದೇ ಮೋಸ. ಲೆಕ್ಕದವನ ಭಾಷೆಯಲ್ಲಿ ಹೇಳಬೇಕು ಅಂದ್ರೆ, ಬೇಸಿಗೆಯಲ್ಲಿ ಮೈಯಿಂದ ಆಗೋ ಖರ್ಚು ಕಣ್ಣಿಗೆ ಕಾಣುತ್ತೆ, ಚಳಿಗಾಲದಲ್ಲಿ ವೋಚರ್ರೇ ಬರಲ್ಲ. ಗಾಳಿ ಅಷ್ಟು ಒಣ, ಬೆವರು ಬಂದಿದ್ದೇ ಆರಿಹೋಗುತ್ತೆ. ಅಂಗಿ ಒದ್ದೆ ಆಗಲ್ಲ, ಬಾಯಾರಿಕೆ ತಡವಾಗಿ ಗೊತ್ತಾಗುತ್ತೆ. ಆದ್ರೂ ಅವತ್ತು ನೀರು ಇತ್ತು, ಇಬ್ಬರಿಗೂ ಎರಡೆರಡು ಲೀಟರ್. ಸಮಸ್ಯೆ ನೀರಿನದಾಗಿರಲಿಲ್ಲ.

ಹತ್ತು ಕಿಲೋಮೀಟರ್ ಹೋಗಿರಬೇಕು. ಮುಂದೆ ಹೋಗ್ತಿದ್ದ ಭಾವನ ಸೈಕಲ್ ಹಾವಿನ ಹಾಗೆ ಹರಿಯೋಕೆ ಶುರುವಾಯ್ತು. ತಮಾಷೆ ಮಾಡ್ತಿದ್ದಾರೆ ಅಂದುಕೊಂಡೆ. ಆಮೇಲೆ ನಿಂತ್ರು. ಇಳಿಯಲಿಲ್ಲ, ನಿಂತಲ್ಲೇ ಪಕ್ಕಕ್ಕೆ ವಾಲಿದ್ರು. ಹಿಡಿದುಕೊಂಡು ಒಂದು ಪಾಲೊ ವರ್ಡೆ ಮರದ ನೆರಳಲ್ಲಿ ಕೂರಿಸಿದೆ. ತೊಗಟೆಯೇ ಹಸಿರಾಗಿರೋ ಮರ ಅದು. ನೆರಳು ಅಂದ್ರೆ ಜರಡಿ ನೆರಳು. ಕೈ ಮುಟ್ಟಿದ್ರೆ ತಣ್ಣಗೆ, ಬೆವರು. ಬೆವರೇ ನಿಲ್ಲದ ಊರಲ್ಲಿ ಅವರ ಹಣೆ ಪೂರ್ತಿ ಒದ್ದೆ. ನೀರು ಕೊಟ್ಟೆ. ಕುಡಿದ್ರು. ಮತ್ತೆ ಕೊಟ್ಟೆ. ಹೆಲ್ಮೆಟ್ಟಿನ ಪಟ್ಟಿ ಬಿಚ್ಚೋಕೆ ಅವರ ಬೆರಳಿಗೆ ಆಗ್ತಾ ಇಲ್ಲ. 'ಏನಾಯ್ತು ಭಾವ?' ಅಂದ್ರೆ 'ಏನಿಲ್ಲ, ಏನಿಲ್ಲ' ಅಂತ ತೊದಲಿ, ನನ್ನನ್ನ ತಮ್ಮ ತಮ್ಮನ ಹೆಸರಲ್ಲಿ ಕರೆದ್ರು.

ಆಗ ಹೆದರಿದೆ ನೋಡಿ. ಫೋನ್ ತೆಗೆದೆ, ಸಿಗ್ನಲ್ ಇತ್ತು. 911 ಒತ್ತೋಕೆ ಹೋದ್ರೆ ಭಾವ ನನ್ನ ಕೈ ಹಿಡ್ಕೊಂಡು, 'ಬೇಡ, ಬಿಲ್ ಬರುತ್ತೆ' ಅಂದ್ರು. ಆ ಸ್ಥಿತಿಯಲ್ಲೂ ಅಷ್ಟು ಮಾತ್ರ ಸ್ಪಷ್ಟವಾಗಿ ಬಂತು. ಆಮೇಲೆ ಒಂದು ನಿಮಿಷ ಸುಮ್ಮನಿದ್ದು ಹೇಳಿದ್ರು: 'ಮಾತ್ರೆ ತಗೊಂಡಿದ್ದೆ. ತಿಂಡಿ ತಿಂದಿಲ್ಲ.'

'ಯಾವ ಮಾತ್ರೆ?'

'ಶುಗರ್‌ದು.'

ಒಂದೂವರೆ ವರ್ಷದಿಂದ ಭಾವನಿಗೆ ಸಕ್ಕರೆ ಕಾಯಿಲೆ. ಮನೇಲಿ ಒಬ್ಬರಿಗೂ ಹೇಳಿಲ್ಲ. ಅಕ್ಕ ಬಸುರಿ, ಊರಲ್ಲಿ ಅವರಪ್ಪ ಅದೇ ಕಾಯಿಲೆಯಲ್ಲಿ ಕಾಲು ಕಳೆದುಕೊಂಡು ತೀರಿಹೋದವರು. ಸೈಕಲ್ ಕೊಂಡಿದ್ದೇ ಡಾಕ್ಟರ್ ವ್ಯಾಯಾಮ ಮಾಡಿ ಅಂದಿದ್ದಕ್ಕೆ. ಸುಲಭದ ಹಾದಿಗಳನ್ನೇ ಯಾಕೆ ಹುಡುಕ್ತಿದ್ರು, ಒಬ್ಬರೇ ಹೋಗೋಕೆ ಯಾಕೆ ಹಿಂಜರಿದು ನನ್ನನ್ನ ಕರ್ಕೊಂಡು ಬರ್ತಿದ್ರು, ಎಲ್ಲಾ ಅಲ್ಲಿ ಕೂತು ಗೊತ್ತಾಯ್ತು. ನಾನು ಇದನ್ನ ಸಂಬಂಧ ಸರಿ ಮಾಡಿಕೊಳ್ಳೋ ಪ್ರಯತ್ನ ಅಂದುಕೊಂಡಿದ್ದೆ.

ಚೀಲ ತಡಕಿದೆ. ಅಮ್ಮನ ಒಂದು ಅಭ್ಯಾಸ. ನಮ್ಮ ಕಡೆ ಬಿಸಿಲಲ್ಲಿ ಬಂದವರಿಗೆ ಬೆಲ್ಲ ನೀರು ಕೊಡ್ತಾರಲ್ಲ, ಅದೇ ಲೆಕ್ಕದಲ್ಲಿ ನಾವು ಸೈಕಲ್ ತಗೊಂಡು ಹೊರಟಾಗಲೆಲ್ಲ ಒಂದು ಪ್ಲಾಸ್ಟಿಕ್ ಕವರಲ್ಲಿ ಬೆಲ್ಲದ ತುಂಡು ಹಾಕಿರ್ತಿದ್ರು. ನಾನು ತಿಂತಿರಲಿಲ್ಲ. ವಾರ ವಾರದ ಬೆಲ್ಲ ಚೀಲದ ತಳದಲ್ಲಿ ಅಂಟಿಕೊಂಡು ಕೂತಿತ್ತು. ಅದನ್ನೇ ಕಿತ್ತು, ಕಲ್ಲಿಗೆ ಕುಟ್ಟಿ, ಪುಡಿ ಮಾಡಿ ಬಾಯಿಗೆ ಹಾಕಿದೆ, ನೀರು ಕುಡಿಸಿದೆ. ಹತ್ತು ಹದಿನೈದು ನಿಮಿಷ. ನನ್ನ ಜೀವನದ ಅತಿ ಉದ್ದದ ಹದಿನೈದು ನಿಮಿಷ. ಅಷ್ಟರಲ್ಲಿ ಕುದುರೆ ಮೇಲೆ ಒಬ್ಬ ಅಜ್ಜಿ ಬಂದ್ರು. ಎಲ್ಲಾ ಸರಿ ಇದೆಯಾ ಅಂತ ಕೇಳಿದ್ರು, ಆ ಹಾದಿಗಳಲ್ಲಿ ಕೂತವರನ್ನ ಕೇಳದೆ ಯಾರೂ ದಾಟಲ್ಲ. ವಿಷಯ ಹೇಳಿದೆ. ಅವರು ಇಳಿದು, ಕುದುರೆ ಹಿಡ್ಕೊಂಡು, ಭಾವ ಎದ್ದು ನಿಂತು ತನ್ನ ಹೆಸರು, ದಿನ, ಊರು ಎಲ್ಲಾ ಸರಿಯಾಗಿ ಹೇಳೋವರೆಗೂ ಅಲ್ಲೇ ನಿಂತಿದ್ರು.

ಇಲ್ಲಿ ಒಂದು ಮಾತು. ನಾನು 911ಕ್ಕೆ ಫೋನ್ ಮಾಡಬೇಕಿತ್ತು. ಬೆಲ್ಲ ಕೆಲಸ ಮಾಡಿತು, ನಮ್ಮ ಅದೃಷ್ಟ. ಪ್ರಜ್ಞೆ ತಪ್ಪಿದ್ದಿದ್ರೆ ಬಾಯಿಗೆ ಏನೂ ಹಾಕೋ ಹಾಗಿರಲಿಲ್ಲ, ಉಸಿರುನಾಳಕ್ಕೆ ಹೋಗುತ್ತೆ. ನೀವು ಬಿಲ್ ಬಗ್ಗೆ ಯೋಚನೆ ಮಾಡ್ತಾ ಕೂರಬೇಡಿ.

ಎದ್ದ ಮೇಲೆ ಸುತ್ತು ಪೂರ್ತಿ ಮಾಡೋಣ ಅಂದ್ರು ಭಾವ! ನಾನು ಬೈದೆ. ಅವರನ್ನ ಬೈದಿದ್ದು ಅದೇ ಮೊದಲು. ವಾಪಸ್ ಬಂದ ದಾರಿಯಲ್ಲೇ ಇಳಿಜಾರು, ನಡೆದುಕೊಂಡು, ಆಮೇಲೆ ನಿಧಾನಕ್ಕೆ ಉರುಳಿಕೊಂಡು ಬಂದ್ವಿ. ನಡುವೆ ಅವರು 'ಅಕ್ಕನಿಗೆ ಹೇಳಬೇಡ ಕಣಪ್ಪಾ' ಅಂದ್ರು. ನನಗೇನನ್ನಿಸಿತೋ, 'ಭಾವ, ನೀವು ಪರೀಕ್ಷೆಗೆ ಅಂತ ಕಳಿಸಿದ ಹದಿನೆಂಟು ಸಾವಿರದಲ್ಲಿ ನಾನು ಮೈಕು, ರೆಕಾರ್ಡರು ತಗೊಂಡೆ' ಅಂದುಬಿಟ್ಟೆ. ಗುಟ್ಟಿಗೆ ಗುಟ್ಟು ಸರಿಹೋಗುತ್ತೆ, ಇಬ್ಬರೂ ನಗ್ತೀವಿ ಅಂದುಕೊಂಡಿದ್ದೆ. ಭಾವ ನಗಲಿಲ್ಲ. ಮುಖ ಬಿಗಿಯಾಯ್ತು. ಕಾರಲ್ಲಿ ಮನೆವರೆಗೂ ಒಂದು ಮಾತಿಲ್ಲ. ಆ ದುಡ್ಡು ಅವರು ಎಲ್ಲಿಂದ ಹೊಂದಿಸಿದ್ರು ಅಂತ ನನಗೆ ಗೊತ್ತಿರಲಿಲ್ಲ, ಆ ತಿಂಗಳು ಅವರ ಕಂಪನಿಯಲ್ಲಿ ಜನರನ್ನ ತೆಗೀತಿದ್ರಂತೆ. ಅದನ್ನ ಅಕ್ಕ ಆಮೇಲೆ ಹೇಳಿದ್ಲು.

ಅವತ್ತು ರಾತ್ರಿ ನಾನು ಭಾವನಿಗೆ ಹೇಳಿದೆ, 'ನೀವೇ ಹೇಳಿ, ಇಲ್ಲಾಂದ್ರೆ ನಾಳೆ ನಾನು ಹೇಳ್ತೀನಿ.' ಅವರೇ ಹೇಳಿದ್ರು. ಅಕ್ಕ ಅತ್ತಳು, ಬೈದಳು, ಮಗು ಎದ್ದು ಅದೂ ಅತ್ತಿತು. ಕಾಯಿಲೆ ಬಂದಿದ್ದಕ್ಕಲ್ಲ, ಒಂದೂವರೆ ವರ್ಷ ಪಕ್ಕದಲ್ಲಿ ಮಲಗಿ ಗೊತ್ತಾಗಲಿಲ್ಲವಲ್ಲ ಅಂತ. ಅಮ್ಮ ಏನೂ ಮಾತಾಡಲಿಲ್ಲ. ಮರುದಿನ ಭಾವನ ತಟ್ಟೆಯಲ್ಲಿ ಅನ್ನ ಕಡಿಮೆಯಾಗಿತ್ತು, ಮಧ್ಯಕ್ಕೆ ಒಂದು ಮುದ್ದೆ ಬಂದಿತ್ತು. ಆ ವಾರ ಡಾಕ್ಟರ್ ಹತ್ರ ಅಕ್ಕನೂ ಜೊತೆಗೆ ಹೋದ್ಲು. ಆ ಜಾತಿಯ ಮಾತ್ರೆ ತಗೊಂಡು ಊಟ ಬಿಟ್ಟು ಮೈ ದಣಿಸಿದ್ರೆ ಸಕ್ಕರೆ ಹಾಗೆ ದಿಢೀರ್ ಇಳಿಯುತ್ತಂತೆ. ಮಾತ್ರೆ ಬದಲಾಯಿಸಿದ್ರು.

ಭಾವ ನನ್ನ ಜೊತೆ ಮಾತಾಡಿದ್ದು ಹನ್ನೆರಡು ದಿನದ ಮೇಲೆ. ಗ್ಯಾರೇಜ್ ತೆಗೆದು, 'ಪಾಪಗೋಗೆ ಹೋಗಣ ಬಾ, ಎರಡೇ ಸುತ್ತು' ಅಂದ್ರು. ಹೋದ್ವಿ. ಹಸಿರು ವೃತ್ತದ ಹಾದಿ. ನಾನು ಈ ಸಲ ಮಕ್ಕಳ ಹಾದಿ ಅನ್ನಲಿಲ್ಲ. ಮಾರ್ಚ್ ಬಂದಿತ್ತು, ನೆಲದ ತುಂಬಾ ಹಳದಿ ಹೂ. ಬಂಡೆಯಲ್ಲಿ ಒಂದು ದೊಡ್ಡ ತೂತಿದೆ ಅಲ್ಲಿ, ಅದರ ಕೆಳಗೆ ಸೈಕಲ್ ಒರಗಿಸಿ ಕೂತಾಗ ಕೇಳಿದ್ರು: 'ಆ ಮೈಕಲ್ಲಿ ದುಡ್ಡು ಬರುತ್ತೇನೋ?'

'ಬರಲ್ಲ ಭಾವ.'

'ಜನ ಕೇಳ್ತಾರಾ?'

'ಕೇಳ್ತಾರೆ.'

'ಎಷ್ಟು?'

ಹೇಳಿದೆ. ಆಗ ನೀವು ನಾನೂರು ಜನ ಇದ್ರಿ. ಅವರು 'ಹ್ಞೂಂ' ಅಂದ್ರು. ಅದು ಒಳ್ಳೆ ಹ್ಞೂಂ ಆಗಿತ್ತೋ ಕೆಟ್ಟ ಹ್ಞೂಂ ಆಗಿತ್ತೋ ಇವತ್ತಿಗೂ ಗೊತ್ತಿಲ್ಲ.

ಆ ಹದಿನೆಂಟು ಸಾವಿರವನ್ನ ಕಂತಲ್ಲಿ ತೀರಿಸ್ತಾ ಇದೀನಿ. ಅವರು ಬೇಡ ಅನ್ನಲಿಲ್ಲ, ಅದಕ್ಕೆ ನನಗೆ ಖುಷಿ ಇದೆ. ಇನ್ನೂ ಆರು ಸಾವಿರ ಬಾಕಿ.

ಅಲ್ಲಿ ಇರೋ ಕನ್ನಡದವರು ಯಾರಾದ್ರೂ ಕೇಳ್ತಾ ಇದ್ರೆ, ಈ ಚಳಿಗಾಲ ಹೊರಡೋ ಮನಸ್ಸಿದ್ರೆ: ಬಾಡಿಗೆಗೆ ಸೈಕಲ್ ಸಿಗುತ್ತೆ, ಮೊದಲೇ ಕೊಳ್ಳಬೇಡಿ. ಕಾಲುವೆ ಏರಿ, ಆಮೇಲೆ ಪಾಪಗೋ, ಆಮೇಲೆ ಡೆಸರ್ಟ್ ಕ್ಲಾಸಿಕ್‌ನ ಮೊದಲ ಎರಡು ಮೂರು ಮೈಲಿ, ಕೊನೆಗೆ ಪೆಂಬರ್ಟನ್. ತಂದ ನೀರಲ್ಲಿ ಅರ್ಧ ಮುಗಿಯೋ ಮುಂಚೆನೇ ತಿರುಗಿ. ಬಾಚಣಿಗೆ ಇಟ್ಟುಕೊಳ್ಳಿ. ಜೊತೆಗೆ ಬರೋರು ಯಾವ ಮಾತ್ರೆ ತಗೋತಾರೆ ಅಂತ ಕೇಳಿ, ನಾಚಿಕೆ ಬೇಡ.

ಭಾವ ಈಗಲೂ ಹೋಗ್ತಾರೆ. ಯಾವ ಹಾದಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಅಕ್ಕನಿಗೆ ಹೇಳಿಯೇ ಹೊರಡಬೇಕು, ಅದು ಮನೆಯ ಕಾನೂನು. ಹೋದ ಭಾನುವಾರ ಒಂದು ಫೋಟೋ ಕಳಿಸಿದ್ರು. ನಾನು ತುಳೀತಿದ್ದ ಸೈಕಲ್ ಮೇಲೆ ಅಕ್ಕ. ಹೆಲ್ಮೆಟ್ ಹಿಂದುಮುಂದಾಗಿ ಹಾಕಿಕೊಂಡಿದ್ದಾಳೆ, ಇಬ್ಬರಿಗೂ ಗೊತ್ತಾಗಿಲ್ಲ. ನಾನೂ ಹೇಳಿಲ್ಲ ಇನ್ನೂ, ಇವತ್ತು ರಾತ್ರಿ ಫೋನ್ ಮಾಡಿ ಹೇಳ್ತೀನಿ.

ಮುಂದಿನ ವಾರ ಚಳ್ಳಕೆರೆ ಎಣ್ಣೆ ಗಿರಣಿಗಳ ಬಗ್ಗೆ ಮಾತಾಡೋಣ.